ಟಿಮಕ್ಸ್‌ನಲ್ಲಿ ಪೇನ್ ಎಷ್ಟಿದೆ ಅನ್ನೋದಲ್ಲ, ಅದು ಯಾವ ಮೆಷೀನ್‌ನಲ್ಲಿ ಓಡ್ತಿದೆ ನೋಡಿ

ಲ್ಯಾಪ್‌ಟಾಪ್‌ನಲ್ಲಿ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಮಾಂಡ್ ಪರದೆ ನಡೆಸೋ ಪ್ರೋಗ್ರಾಂ) ತೆರೆದು ನಾಲ್ಕು ಪೇನ್, ಅಂದ್ರೆ ಪರದೆಯ ನಾಲ್ಕು ಭಾಗ ಮಾಡಿ, ನಾಲ್ಕರಲ್ಲೂ ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದರೆ, ಅಂದ್ರೆ ನೆಟ್‌ವರ್ಕ್ ಮೂಲಕ ಲಾಗಿನ್ ಆದರೆ, ಒಟ್ಟಿಗೆ ನಾಲ್ಕು ಕೆಲಸ ನಡೆಸಬಹುದಾ, ಇಲ್ಲ ಟರ್ಮಿನಲ್ ಟ್ಯಾಬ್‌ಗಳೇ ಸಾಕಾ ಅಂತ ಕೇಳಿದ್ದೀರಿ. ನಾನೂ ಹೀಗೇ ಮಾಡಿಕೊಂಡಿದ್ದೆ. ಇಡೀ ರಾತ್ರಿಯ ಕೆಲಸ ಅದರಿಂದಲೇ ಹೋಯಿತು.

ಶನಿವಾರ ಸಂಜೆ ಆರಕ್ಕೆ 70 ಜಿಬಿಯ ಮೈಎಸ್‌ಕ್ಯೂಎಲ್ ಡಂಪ್ (ಡೇಟಾಬೇಸ್‌ನ ನಕಲು ಫೈಲ್) ಒಂದನ್ನು ಹೊಸ ಸರ್ವರ್‌ಗೆ ಇಂಪೋರ್ಟ್ ಮಾಡೋಕೆ ಹಚ್ಚಿದ್ದೆ. ಎಡಗಡೆ ಪೇನ್‌ನಲ್ಲಿ, ಎಷ್ಟು ಮುಗೀತು ಅಂತ ತೋರಿಸೋ ಪಿವಿ ಮೂಲಕ ಇಂಪೋರ್ಟ್, ಬಲಗಡೆ ಮೇಲೆ ಸರ್ವರ್‌ನ ಲೋಡ್ ತೋರಿಸೋ ಎಚ್‌ಟಾಪ್, ಅದರ ಕೆಳಗೆ ಡಿಸ್ಕ್ ಎಷ್ಟು ತುಂಬ್ತಿದೆ ಅಂತ ನೋಡೋಕೆ ವಾಚ್ ಕಮಾಂಡ್, ಇನ್ನೊಂದರಲ್ಲಿ ಲಾಗ್. ಟಿಮಕ್ಸ್ ಇದೆಯಲ್ಲ, ಲೈನ್ ಹೋದರೂ ಕೆಲಸ ನಿಲ್ಲಲ್ಲ ಅನ್ನೋ ಧೈರ್ಯದಲ್ಲಿ ಮಲಗಿದೆ. ರಾತ್ರಿ ಕರೆಂಟ್ ಹೋಗಿ ರೂಟರ್ ಆಫ್ ಆಗಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕೂ ಪೇನ್ ಇದ್ದ ಜಾಗದಲ್ಲೇ ಇವೆ. ಎಡಗಡೆಯದರಲ್ಲಿ ಪಿವಿಯ ಗೆರೆ 61% ಹತ್ತಿರ ನಿಂತಿದೆ, ಕೆಳಗೆ ‘ಬ್ರೋಕನ್ ಪೈಪ್’ ಅಂತ ಒಂದು ಸಾಲು, ಅದರ ಕೆಳಗೆ ನನ್ನ ಲ್ಯಾಪ್‌ಟಾಪ್‌ನದೇ ಪ್ರಾಂಪ್ಟ್. ಸರ್ವರ್‌ನಲ್ಲಿ ಇಂಪೋರ್ಟ್ ಓಡ್ತಿರೋ ಸುಳಿವೇ ಇಲ್ಲ. ಮತ್ತೆ ಮೊದಲನೇ ಟೇಬಲ್‌ನಿಂದ ಶುರು.

ತಪ್ಪು ಎಲ್ಲಿ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಟಿಮಕ್ಸ್ ಬಳಸೋ ಎಷ್ಟೋ ಜನಕ್ಕೆ ಇದು ಸ್ಪಷ್ಟವಾಗಿರಲ್ಲ. ನೀವು ಟಿಮಕ್ಸ್ ಶುರು ಮಾಡಿದಾಗ ಹಿನ್ನೆಲೆಯಲ್ಲಿ ಒಂದು ‘ಟಿಮಕ್ಸ್ ಸರ್ವರ್’ ಪ್ರೊಸೆಸ್ ಏಳುತ್ತೆ (ಹೆಸರಷ್ಟೇ ಸರ್ವರ್, ಅದು ಇರೋದು ನೀವು ಟಿಮಕ್ಸ್ ಶುರು ಮಾಡಿದ ಮೆಷೀನ್‌ನಲ್ಲೇ). ಪ್ರತಿ ಪೇನ್‌ನ ಶೆಲ್ಲೂ (ನಿಮ್ಮ ಕಮಾಂಡ್‌ಗಳನ್ನ ನಡೆಸೋ ಪ್ರೋಗ್ರಾಂ) ಅದರ ಮಗು, ಅಂದ್ರೆ ಅದೇ ಶುರು ಮಾಡಿದ ಪ್ರೊಸೆಸ್. ಕಣ್ಣಿಗೆ ಕಾಣೋದು ಅದಕ್ಕೆ ಅಂಟಿಕೊಂಡ ಕ್ಲೈಂಟ್ ಮಾತ್ರ. ಕ್ಲೈಂಟ್ ಸತ್ತರೂ ಶೆಲ್‌ಗಳಿಗೆ ಏನೂ ಆಗಲ್ಲ. ನನ್ನ ಏರ್ಪಾಟಿನಲ್ಲಿ ಆ ಪ್ರೊಸೆಸ್ ಇದ್ದದ್ದು ಲ್ಯಾಪ್‌ಟಾಪ್‌ನಲ್ಲಿ. ಹಾಗಾಗಿ ಅದು ಕಾಪಾಡಿದ್ದು ಲ್ಯಾಪ್‌ಟಾಪ್‌ನ ಶೆಲ್‌ಗಳನ್ನ. ಆಚೆ ತುದಿಯ ಶೆಲ್, ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಸಂಪರ್ಕ ನೋಡಿಕೊಳ್ಳೋ ಎಸ್‌ಎಸ್‌ಎಚ್‌ಡಿಯ ಕೈಯಲ್ಲಿತ್ತು. ಸಂಪರ್ಕ ಹೋಗಿದೆ ಅಂತ ಎಸ್‌ಎಸ್‌ಎಚ್‌ಡಿಗೆ ಗೊತ್ತಾದ ಕೂಡಲೇ ಅದು ಆ ಟರ್ಮಿನಲ್ ಮುಚ್ಚುತ್ತೆ, ಕರ್ನಲ್ ಶೆಲ್‌ಗೆ ಹ್ಯಾಂಗಪ್ (ಲೈನ್ ಕಡಿದಿದೆ ಅನ್ನೋ) ಸಿಗ್ನಲ್ ಕಳಿಸುತ್ತೆ, ಆ ಶೆಲ್ ಆದ ಬ್ಯಾಷ್ ಅದನ್ನ ತನ್ನ ಕೆಲಸಗಳಿಗೆ ದಾಟಿಸುತ್ತೆ. ಇಂಪೋರ್ಟ್ ಸತ್ತದ್ದು ಹೀಗೆ. ತಕ್ಷಣ ಸಾಯಲ್ಲ ಅನ್ನೋದೇ ಇಲ್ಲಿ ಮೋಸ ಮಾಡೋ ವಿಷಯ: ಉತ್ತರ ಬಾರದ ಪ್ಯಾಕೆಟ್‌ಗಳನ್ನ ಲಿನಕ್ಸ್ ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡುತ್ತೆ. ಎರಡು ನಿಮಿಷ ವೈಫೈ ಆಫ್ ಮಾಡಿ ‘ಕೆಲಸ ನಡೀತಾನೇ ಇದೆ’ ಅಂತ ಪರೀಕ್ಷೆ ಮಾಡಿದವರೂ ಇದರಲ್ಲಿ ಬೀಳ್ತಾರೆ.

ಸುಳಿವು ಕಣ್ಣೆದುರೇ ಇತ್ತು. ಟಿಮಕ್ಸ್‌ನ ಕೆಳಗಿನ ಹಸಿರು ಪಟ್ಟಿಯ ಬಲತುದಿಯಲ್ಲಿ, ಗಂಟೆಯ ಪಕ್ಕ, ಸಾಮಾನ್ಯವಾಗಿ ಅದು ಓಡ್ತಿರೋ ಮೆಷೀನ್‌ನ ಹೆಸರಿರುತ್ತೆ. ಅಲ್ಲಿ ಇದ್ದದ್ದು ಲ್ಯಾಪ್‌ಟಾಪ್ ಹೆಸರು. ಇನ್ನೂ ಖಚಿತ ಬೇಕಾದರೆ ಎಸ್‌ಎಸ್‌ಎಚ್ ಮಾಡಿದ ಮೇಲೆ ಟಿಮಕ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ (ಶೆಲ್ ಹೆಸರಿಟ್ಟು ನೆನಪಿಡೋ ಒಂದು ಮೌಲ್ಯ) ಎಕೋ ಮಾಡಿ, ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ. ಖಾಲಿ ಬಂದರೆ ನೀವು ಸರ್ವರ್‌ನ ಟಿಮಕ್ಸ್ ಒಳಗಿಲ್ಲ.

ಹಾಗಾಗಿ ‘ಟಿಮಕ್ಸಾ, ಟ್ಯಾಬಾ’ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪರದೆ ಹಂಚಿಕೊಳ್ಳೋಕೆ ಟ್ಯಾಬ್ ಧಾರಾಳ ಸಾಕು. ಟಿಮಕ್ಸ್ ಬೇಕಾಗಿರೋದು ಕೆಲಸ ಅಲ್ಲೇ ಬಿಟ್ಟು ಎದ್ದು ಬರೋಕೆ. ಮೊದಲು ಎಸ್‌ಎಸ್‌ಎಚ್ ಮಾಡಿ, ಸರ್ವರ್‌ನಲ್ಲಿ ‘ಟಿಮಕ್ಸ್ ನ್ಯೂ -ಎಸ್ ಇಂಪೋರ್ಟ್’ ಅಂತ ಸೆಷನ್‌ಗೆ ಹೆಸರಿಟ್ಟು ಶುರು ಮಾಡಿ. ಹೊರಗೆ ಬರೋಕೆ ಕಂಟ್ರೋಲ್-ಬಿ ಒತ್ತಿ, ಎರಡೂ ಕೀ ಬಿಟ್ಟು, ಆಮೇಲೆ ಡಿ ಒಂದನ್ನೇ ಒತ್ತಿ. ಕಂಟ್ರೋಲ್-ಬಿ ಇಲ್ಲದೆ ಬರೀ ಕಂಟ್ರೋಲ್-ಡಿ ಒತ್ತಿದರೆ ಶೆಲ್ಲೇ ಮುಚ್ಚಿಹೋಗುತ್ತೆ. ವಾಪಸ್ ಬರೋಕೆ ‘ಟಿಮಕ್ಸ್ ಅಟ್ಯಾಚ್ -ಟಿ ಇಂಪೋರ್ಟ್’. ಒಳಗೆ ಬೇಕಾದಷ್ಟು ಪೇನ್ ಮಾಡಿಕೊಳ್ಳಿ: ಕಂಟ್ರೋಲ್-ಬಿ ಆದಮೇಲೆ % ಒತ್ತಿದರೆ ಎಡ-ಬಲ, " ಒತ್ತಿದರೆ ಮೇಲೆ-ಕೆಳಗೆ. ಹಾಗೇ ಕಂಟ್ರೋಲ್-ಬಿ ಆದಮೇಲೆ ಝಡ್ ಒತ್ತಿದರೆ ಒಂದೇ ಪೇನ್ ಪೂರ್ತಿ ಪರದೆ ತುಂಬುತ್ತೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಇದೇ.

ಲ್ಯಾಪ್‌ಟಾಪ್‌ನಲ್ಲೂ ಟಿಮಕ್ಸ್ ಇಟ್ಟುಕೊಂಡರೆ ಒಳಗಿನದಕ್ಕೆ ಕಂಟ್ರೋಲ್-ಬಿ ಎರಡು ಸಲ ಒತ್ತಬೇಕು. ಅವಸರದಲ್ಲಿ ಯಾವುದಕ್ಕೆ ಹೇಳಿದೆ ಅನ್ನೋದು ತಪ್ಪಿಹೋಗುತ್ತೆ. ಅದಕ್ಕೇ ನಾನು ಲ್ಯಾಪ್‌ಟಾಪ್‌ನಿಂದ ತೆಗೆದುಬಿಟ್ಟೆ.

ಇನ್ನೆರಡು ವಿಷಯ. ಪ್ರತಿ ಪೇನ್ ನೆನಪಿಡೋದು 2000 ಸಾಲು ಮಾತ್ರ, ಉದ್ದದ ಔಟ್‌ಪುಟ್‌ನ ಮೊದಲ ಎರರ್ ಅಷ್ಟರಲ್ಲಿ ಕೊಚ್ಚಿಹೋಗಿರುತ್ತೆ. ಕಾನ್ಫಿಗ್ ಫೈಲ್‌ನಲ್ಲಿ ಹಿಸ್ಟರಿ-ಲಿಮಿಟ್ 50000 ಮಾಡಿ. ಆದರೆ ಇದು ಆಮೇಲೆ ತೆರೆದ ಪೇನ್‌ಗಳಿಗಷ್ಟೇ ಅನ್ವಯ. ಎರಡನೆಯದು, ಲಾಗ್‌ಔಟ್ ಆದ ಕೂಡಲೇ ಟಿಮಕ್ಸ್ ಕೂಡ ಮಾಯವಾಗ್ತಿದ್ದರೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ನಡೆಸೋ ವ್ಯವಸ್ಥೆ) ಲಾಗಿನ್‌ಗಳನ್ನ ನೋಡಿಕೊಳ್ಳೋ ಭಾಗವಾದ ಲಾಗಿನ್‌ಡಿ ಕಾನ್ಫಿಗ್ ನೋಡಿ. ಅಲ್ಲಿ ಕಿಲ್‌ಯೂಸರ್‌ಪ್ರೊಸೆಸಸ್ ‘ಯೆಸ್’ ಇದ್ದರೆ ಲಾಗ್‌ಔಟ್‌ನಲ್ಲಿ ಎಲ್ಲವನ್ನೂ ಕೊಲ್ಲುತ್ತೆ. ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ‘ನೋ’ ಇರುತ್ತೆ. ಸರ್ವರ್ ರೀಬೂಟ್ ಆದರೆ ಮಾತ್ರ ಟಿಮಕ್ಸ್ ಏನೂ ಉಳಿಸಲ್ಲ. ಸದಾ ಓಡಬೇಕಾದ ಪ್ರೋಗ್ರಾಂ ಆದರೆ ಸಿಸ್ಟಮ್‌ಡಿ ಸರ್ವಿಸ್ ಮಾಡಿ.

ನಾನೀಗ ಸರ್ವರ್‌ಗೆ ಹೋಗೋದೇ ಒಂದು ಏಲಿಯಾಸ್‌ನಿಂದ (ಉದ್ದದ ಕಮಾಂಡ್‌ಗೆ ಇಟ್ಟ ಚಿಕ್ಕ ಹೆಸರು): ‘ಎಸ್‌ಎಸ್‌ಎಚ್ -ಟಿ’, ಆಮೇಲೆ ಸರ್ವರ್ ಹೆಸರು, ಆಮೇಲೆ ‘ಟಿಮಕ್ಸ್ ನ್ಯೂ -ಎ -ಎಸ್ ಕೆಲಸ’. ಇದರಲ್ಲಿ -ಎ ಮಾತ್ರ ದೊಡ್ಡಕ್ಷರ. ಆ ಹೆಸರಿನ ಸೆಷನ್ ಇದ್ದರೆ ಅದಕ್ಕೇ ಸೇರಿಸುತ್ತೆ, ಇಲ್ಲದಿದ್ದರೆ ಹೊಸದು ಮಾಡುತ್ತೆ. ಎಸ್‌ಎಸ್‌ಎಚ್‌ನ -ಟಿ ಬಿಟ್ಟರೆ ‘ನಾಟ್ ಎ ಟರ್ಮಿನಲ್’ ಅಂತ ಎರರ್ ಬರುತ್ತೆ, ಮರೀಬೇಡಿ.