ಆಟಕ್ಕೂ ಪಾಠಕ್ಕೂ ಒಂದೇ ಲ್ಯಾಪ್‌ಟಾಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿಇಟಿ ಸೀಟು ಹಂಚಿಕೆ ಶುರುವಾದರೆ ಸಾಕು, ಈ ಪುಟಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಫೋನ್ ಬಿಸಿಯಾಗುತ್ತೆ, ಟಿವಿಯಲ್ಲಿ ಗೆರೆ ಬರುತ್ತೆ ಅನ್ನುವವರೆಲ್ಲ ಹಿಂದೆ ಸರಿಯುತ್ತಾರೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಮುಂದೆ ಬರುತ್ತಾರೆ, ಅವರ ಬೆನ್ನಿಗೇ ಪರ್ಸ್ ಗಟ್ಟಿಯಾಗಿ ಹಿಡಿದುಕೊಂಡ ಅಪ್ಪ ಅಮ್ಮ. ಈ ಸಲ ಅವರದ್ದೇ ಪುಟ.

ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಎರಡು ಲ್ಯಾಪ್‌ಟಾಪ್ ನೋಡಿಟ್ಟಿದ್ದೇನೆ. ಎರಡರಲ್ಲೂ ಆರ್‌ಟಿಎಕ್ಸ್ 4050, ಎರಡರಲ್ಲೂ 16 ಜಿಬಿ ರ‍್ಯಾಮ್. ಆದರೆ ಬೆಲೆಯಲ್ಲಿ 9 ಸಾವಿರ ವ್ಯತ್ಯಾಸ. ಕಮ್ಮಿಯದ್ದೇ ತಗೊಳ್ಳಲಾ? (ಓದುಗ, ಹರಿಹರ)

ತಗೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಎರಡರ ಚಾರ್ಜರ್ ಎಷ್ಟು ವ್ಯಾಟಿನದು ನೋಡಿ.

ತಮಾಷೆಗೆ ಹೇಳುತ್ತಿಲ್ಲ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ (ಆಟದ ಚಿತ್ರ ಬಿಡಿಸುವ ಭಾಗ, ನೀವು ನೋಡಿಟ್ಟದ್ದರಲ್ಲಿ ಆರ್‌ಟಿಎಕ್ಸ್ 4050) ಹೆಸರು ಒಂದೇ ಇದ್ದರೂ ಊಟ, ಅಂದರೆ ಕರೆಂಟು, ಒಂದೇ ಇರುವುದಿಲ್ಲ. ಆರ್‌ಟಿಎಕ್ಸ್ 4050ಕ್ಕೆ ಅದನ್ನು ತಯಾರಿಸುವ ಎನ್‌ವಿಡಿಯಾ ಕೊಟ್ಟಿರುವ ಮಿತಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ. ಅಂದರೆ ತೆಳ್ಳಗಿನ, ಚೆಂದದ ಲ್ಯಾಪ್‌ಟಾಪ್ ಮಾಡುವ ಕಂಪನಿ ಅದೇ ಕಾರ್ಡನ್ನು 45 ವ್ಯಾಟಿಗೆ ಕಟ್ಟಿಹಾಕಬಹುದು, ಇನ್ನೊಬ್ಬರು ದಪ್ಪ ಮೈಯೊಳಗೆ ದೊಡ್ಡ ಫ್ಯಾನ್ ಕೂರಿಸಿ 100 ವ್ಯಾಟ್ ದಾಟಿಸಬಹುದು, ಪೆಟ್ಟಿಗೆಯ ಮೇಲೆ ಮಾತ್ರ ಇಬ್ಬರೂ ಅಂಟಿಸುವುದು ಅದೇ ಹಸಿರು ಸ್ಟಿಕ್ಕರ್. ಹೊಟ್ಟೆತುಂಬ ಉಂಡ 4050, ಅರೆಹೊಟ್ಟೆಯ 4060ನ್ನು ಹಿಂದೆ ಹಾಕುವುದೂ ಉಂಟು. ಹೀಗಿರುವಾಗ ಬರೀ ಕಾರ್ಡಿನ ಹೆಸರು ಕೇಳಿ ದುಡ್ಡು ಎಣಿಸುವುದು, ಜಾತಕ ನೋಡದೆ ಬರೀ ಹೆಸರುಬಲ ನೋಡಿ ಮದುವೆ ಮಾಡಿದ ಹಾಗೆ.

ವ್ಯಾಟ್ ಎಲ್ಲಿ ಸಿಗುತ್ತೆ? ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರದ ಪುಟದಲ್ಲಿ, ಎಷ್ಟೋ ಸಲ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಟಿಜಿಪಿ (ಕಾರ್ಡು ಉಣ್ಣುವ ಒಟ್ಟು ವ್ಯಾಟ್) ಅಂತ ಇರುತ್ತದೆ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿ, ಕಾರ್ಡಿಗೆ ಗರಿಷ್ಠ ಎಷ್ಟು ವ್ಯಾಟ್ ಅಂತ ಅಲ್ಲೇ ತೋರಿಸುತ್ತದೆ. ಎರಡೂ ಆಗಲಿಲ್ಲವಾ? ಅದಕ್ಕೇ ಚಾರ್ಜರ್ ನೋಡಿ ಅಂದಿದ್ದು. ಪ್ರೊಸೆಸರ್, ಕಾರ್ಡು, ಸ್ಕ್ರೀನ್ ಮೂವರೂ ಒಂದೇ ಚಾರ್ಜರಿನಿಂದ ಉಣ್ಣಬೇಕು. 230 ವ್ಯಾಟಿನ ಇಟ್ಟಿಗೆಯಂಥ ಚಾರ್ಜರ್ ಕೊಟ್ಟಿದ್ದಾರೆ ಅಂದರೆ ಒಳಗಿರುವವರ ಹಸಿವು ಗೊತ್ತಿದ್ದೇ ಕೊಟ್ಟಿದ್ದಾರೆ. 120 ವ್ಯಾಟಿನದು ಇದ್ದರೆ ಯಾರೋ ಒಬ್ಬರು ಉಪವಾಸ.

ಆಮೇಲೆ ಸ್ಕ್ರೀನ್. ಕಮ್ಮಿ ಬೆಲೆಯಲ್ಲಿ ಜಾಸ್ತಿ ಮೋಸವಾಗುವುದು ಇಲ್ಲೇ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತೆ) ಅಂತ ದೊಡ್ಡದಾಗಿ ಬರೆದಿರುತ್ತಾರೆ, ಪಕ್ಕದಲ್ಲಿ ಸಣ್ಣದಾಗಿ 45% ಎನ್‌ಟಿಎಸ್‌ಸಿ ಅಂತ ಇರುತ್ತದೆ, ಅದು ಬಣ್ಣದ ಅಳತೆ. ಹಾಗಂದರೆ ಸಾಮಾನ್ಯ ಬಣ್ಣಗಳಲ್ಲಿ ಐದಕ್ಕೆ ಮೂರು ಪಾಲಿನಷ್ಟನ್ನೇ ಅದು ತೋರಿಸೋದು, ಕುಂಕುಮ ಇಟ್ಟಿಗೆ ಪುಡಿಯ ಹಾಗೆ ಕಾಣುತ್ತದೆ. ನಾಲ್ಕು ವರ್ಷ ದಿನಾ ನೋಡೋದು ಆ ಪರದೆಯನ್ನೇ ಅಲ್ವಾ? 100% ಎಸ್‌ಆರ್‌ಜಿಬಿ (ಆ ಸಾಮಾನ್ಯ ಬಣ್ಣಗಳೆಲ್ಲ) ಇರೋದಕ್ಕೆ ಮೂರ್ನಾಲ್ಕು ಸಾವಿರ ಹೆಚ್ಚು ಕೇಳಿದರೂ ನಾನು ಕೊಟ್ಟುಬಿಡುತ್ತೇನೆ.

ರ‍್ಯಾಮ್ ವಿಷಯದಲ್ಲಿ ನನ್ನ ಹಳೇ ಮಾತು ವಾಪಸ್. "8 ಜಿಬಿಯದ್ದು ತಗೊಳ್ಳಿ, ಆಮೇಲೆ ಹಾಕಿಸಿಕೊಂಡರಾಯ್ತು" ಅಂತ ಇದೇ ಪುಟದಲ್ಲಿ ಹಲವು ಸಲ ಬರೆದಿದ್ದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಮೂಟೆಗಟ್ಟಲೆ ಕೊಳ್ಳತೊಡಗಿದ ಮೇಲೆ, 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿಬಿಟ್ಟಿದೆ. ಹಾಗಾಗಿ ಮೊದಲೇ 16 ಜಿಬಿ ಇರೋದನ್ನೇ ತಗೊಳ್ಳಿ. ಅದೂ 8ರ ಎರಡು ಸ್ಟಿಕ್ ಆದರೆ ಒಳ್ಳೆಯದು, ಎರಡು ಬಾಗಿಲು ತೆರೆದಿಟ್ಟ ಹಾಗೆ ಡೇಟಾ ಸಲೀಸಾಗಿ ಓಡಾಡುತ್ತದೆ.

ಪ್ರೊಸೆಸರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಈ ಬೆಲೆಗೆ ಸಿಗುವ ಯಾವುದೂ ನಿಮ್ಮ ಆಟವನ್ನು ನಿಲ್ಲಿಸುವುದಿಲ್ಲ. ಒಂದೇ ಕಿವಿಮಾತು. ಎಎಂಡಿ ಕಂಪನಿಯ ರೈಜನ್ 7000 ಸರಣಿಯದ್ದಾದರೆ ಮೂರನೇ ಅಂಕಿ ನೋಡಿ. 7735ಎಚ್‌ಎಸ್ ಅಂದರೆ ಮೂರನೆಯದು 3, ಅಂದರೆ ಒಳಗಿರೋದು ಹಿಂದಿನ ತಲೆಮಾರು. 7840ಎಚ್‌ಎಸ್‌ನಲ್ಲಿ 4, ಅದು ಹೊಸದು. ಹಳೆಯದು ಕೆಟ್ಟದ್ದೇನಲ್ಲ, ಹೊಸದರ ಬೆಲೆ ಕೊಡಬೇಡಿ ಅಷ್ಟೇ.

4 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3050 ಇರೋದನ್ನು ಯಾರಾದರೂ ಆಫರ್ ಅಂತ ತೋರಿಸಿದರೆ ನಗುತ್ತಲೇ ಮುಂದೆ ಹೋಗಿ. ವ್ಯಾಲರೆಂಟ್‌ನಂಥ ಹಗುರ ಆಟಕ್ಕೆ ಅದೂ ಬೇಕಿಲ್ಲ, ಸೈಬರ್‌ಪಂಕ್ 2077ರಂಥ ಭಾರದ ಆಟಕ್ಕೆ ಅದು ಸಾಕಾಗಲ್ಲ. 4050ರಲ್ಲಿ 6 ಜಿಬಿ ಇದೆ, 4060 ಮತ್ತು 5050ರಲ್ಲಿ 8 ಜಿಬಿ. ನಿಮ್ಮ ಬಜೆಟ್ಟಿನಲ್ಲಿ 5050 ಸಿಕ್ಕಿದರೆ ಅದಕ್ಕೆ ಮೊದಲ ಮಣೆ ಹಾಕಿ. ಅದರ ವ್ಯಾಟೂ ನೋಡಿ ಮತ್ತೆ!

ಮಗನಿಗೆ ಇಂಜಿನಿಯರಿಂಗ್ ಸೀಟಾಗಿದೆ. "ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲದಿದ್ದರೆ ಓದೋಕೇ ಆಗಲ್ಲ, ಎಲ್ಲರೂ ತಗೊಳ್ತಿದ್ದಾರೆ" ಅನ್ನುತ್ತಾನೆ. ನಿಜಾನಾ? ನಮ್ಮದು ಸಾಧಾರಣ ಸಂಬಳದ ಮನೆ. (ಒಬ್ಬ ತಾಯಿ, ಹಾಸನ)

ಅಮ್ಮಾ, ಅರ್ಧ ನಿಜ. ಯಾವ ಅರ್ಧ ಅನ್ನೋದು ಅವನ ಬ್ರಾಂಚ್ ಮೇಲೆ ನಿಂತಿದೆ, ನೀವು ಅದನ್ನೇ ಬರೆದಿಲ್ಲ.

ಕಂಪ್ಯೂಟರ್ ಸೈನ್ಸ್ ಆದರೆ, ಕೋಡ್ ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಇಲ್ಲ. ಮಷೀನ್ ಲರ್ನಿಂಗ್ ಕಲಿಯುವಾಗ ಎನ್‌ವಿಡಿಯಾ ಕಾರ್ಡಿದ್ದರೆ ಅನುಕೂಲ ನಿಜ, ಆದರೆ ಕಲಿಯುವ ಮಟ್ಟದ ಕೆಲಸಕ್ಕೆ ಗೂಗಲ್ ಕೊಲ್ಯಾಬ್ ವೆಬ್‌ಸೈಟಿನಲ್ಲಿ ಇಂಟರ್ನೆಟ್ ಮೂಲಕ ಬಳಸೋಕೆ ಬಿಟ್ಟಿಯಾಗೇ ಕಾರ್ಡು ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಹುಡುಗರ ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಹೆಚ್ಚಾಗಿ ಪ್ರೊಸೆಸರ್ ಮೇಲೇ ಓಡುತ್ತದೆ. ಮೆಕ್ಯಾನಿಕಲ್ ಆದರೆ ಮಾತು ಸ್ವಲ್ಪ ಬೇರೆ. ಯಂತ್ರದ ಭಾಗಗಳನ್ನು ಡಿಸೈನ್ ಮಾಡುವ ಸಾಲಿಡ್‌ವರ್ಕ್ಸ್‌ಗೆ ವಿಂಡೋಸ್ ಬೇಕು, ದೊಡ್ಡ ಮಾಡೆಲ್ ತಿರುಗಿಸುವಾಗ ಕಾರ್ಡಿದ್ದರೆ ತಡವರಿಸಲ್ಲ. ನಿಜವಾಗಿ ಕಾರ್ಡು ಬೇಡುವವರು ಆರ್ಕಿಟೆಕ್ಚರ್ ಮಕ್ಕಳು. ಕಟ್ಟಡದ ಚಿತ್ರ ಮೂಡಿಸುವ ಲುಮಿಯಾನ್‌ನಂಥ ಸಾಫ್ಟ್‌ವೇರ್ ಪೂರ್ತಿ ಕಾರ್ಡಿನ ಮೇಲೇ ನಿಂತಿದೆ, ಸಣ್ಣ ಲ್ಯಾಪ್‌ಟಾಪಿನಲ್ಲಿ ಒಂದು ಮನೆಯ ಚಿತ್ರ ತೆಗೆಯೋಕೆ ರಾತ್ರಿ ಬೆಳಗಾಗುತ್ತದೆ.

ಇನ್ನೊಂದು ವಿಷಯ. ವಿಟಿಯು ಕಾಲೇಜಾದರೆ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎಲ್ಲ ಬ್ರಾಂಚಿನವರಿಗೂ ಹೆಚ್ಚುಕಮ್ಮಿ ಒಂದೇ ಥರದ ಪಾಠ. ಆಗ ಬರೆಯುವ ಪ್ರೋಗ್ರಾಮುಗಳು ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಮನೆಯಲ್ಲಿ ಅಂಥದ್ದೊಂದಿದ್ದರೆ ಮೊದಲ ವರ್ಷ ಅದರಲ್ಲೇ ಕಳೆಯಲಿ. ಎರಡನೇ ವರ್ಷ ಅವನದೇ ಕಾಲೇಜಿನ ಸೀನಿಯರುಗಳನ್ನು ಕೇಳಿ, ಅವರ ಲ್ಯಾಬಿನಲ್ಲಿ ಯಾವ ಸಾಫ್ಟ್‌ವೇರ್ ಇದೆ ನೋಡಿ ತಗೊಳ್ಳಲಿ. ಹಳೆಯದು ಯಾವುದೂ ಇಲ್ಲ ಅಂದರೆ ಕಾಯಿಸಬೇಡಿ, ಪಾಪ. ಶಿಕ್ಷಣ ಸಾಲ ಮಾಡುತ್ತಿದ್ದರೆ ಕೋರ್ಸಿಗೆ ಬೇಕಾದ ಕಂಪ್ಯೂಟರಿನ ಖರ್ಚನ್ನೂ ಅದರಲ್ಲಿ ಸೇರಿಸಲು ಅವಕಾಶ ಇರುತ್ತದೆ, ಅರ್ಜಿ ಹಾಕುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿ. ಸಾಲ ಮಂಜೂರಾದ ಮೇಲೆ ಕೇಳಿದರೆ ಸುಮ್ನೆ ಓಡಾಟ.

ಮತ್ತೆ, ಅವನು ಆಟ ಆಡೋಕೂ ಕೇಳುತ್ತಿದ್ದಾನೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅದರಲ್ಲಿ ತಪ್ಪೇನಿಲ್ಲ. ನೇರವಾಗಿ ಕೇಳು ಅನ್ನಿ.

ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಮನೆಯಲ್ಲಿ ಹೀಗಾಗುತ್ತಿರಲಿಲ್ಲ, ಹಾಸ್ಟೆಲ್ಲಿನಲ್ಲಿ ಮಾತ್ರ. ಲ್ಯಾಪ್‌ಟಾಪ್ ಹಾಳಾಯಿತಾ? (ಕಲಬುರಗಿಯ ಓದುಗಿ, ಈಗ ಮಂಗಳೂರು)

ಲ್ಯಾಪ್‌ಟಾಪ್ ಸರಿಯಾಗೇ ಇರಬೇಕು, ಹಾಸ್ಟೆಲ್ಲಿನ ಅರ್ಥಿಂಗ್ ಸರಿ ಇಲ್ಲ ಅನ್ನಿಸುತ್ತದೆ. ಚಾರ್ಜರ್ ಒಳಗೆ ಕರೆಂಟಿನ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್ ಇರುತ್ತದೆ. ಅದರಿಂದ ತುಸು ಕರೆಂಟ್ ಸೋರುವುದು ಸಹಜ, ಅದು ಮೂರನೇ ದಪ್ಪ ಪಿನ್ನಿನ ಮೂಲಕ ಭೂಮಿಗೆ ಹೋಗಬೇಕು. ಆ ದಾರಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈಗೆ ಬಂದು ನಿಮ್ಮ ಕೈ ಹಿಡಿಯುತ್ತದೆ. ಮೂರು ಪಿನ್ನನ್ನು ಎರಡು ಮಾಡುವ ಹತ್ತಿಪ್ಪತ್ತು ರೂಪಾಯಿಯ ಅಡಾಪ್ಟರ್ ಬಳಸುತ್ತಿದ್ದರೆ ಇವತ್ತೇ ಬಿಸಾಕಿ. ಒಳ್ಳೇ ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡ್ ತನ್ನಿ. ಆಮೇಲೂ ಜುಂ ಅಂದರೆ ವಾರ್ಡನ್‌ಗೆ ಹೇಳಿ ಸಾಕೆಟ್ ನೋಡಿಸಿ, ಮೊದಲು ಬೇರೆ ಕಡೆ ಹಾಕಿ ಖಚಿತ ಮಾಡಿಕೊಳ್ಳಿ. ಜುಂ ಅನ್ನೋದು ಬಿಟ್ಟು ಶಾಕ್ ಹೊಡೆದ ಹಾಗೆ ಆದರೆ ಮಾತ್ರ ಆ ಚಾರ್ಜರ್ ಮುಟ್ಟಲೇಬೇಡಿ.

ಹಾಸ್ಟೆಲ್ ಮಾತು ಬಂತು ಅಂತ ನನ್ನದೊಂದು ಹೇಳಿಬಿಡುತ್ತೇನೆ. ನನ್ನ ಮೊದಲ ಗೇಮಿಂಗ್ ಲ್ಯಾಪ್‌ಟಾಪನ್ನು ಎರಡು ವರ್ಷ ಹಾಸಿಗೆ ಮೇಲಿಟ್ಟೇ ಆಡಿದೆ. ಅಡಿಯ ಜಾಲರಿಯಿಂದ ಗಾಳಿ ಎಳೆದುಕೊಳ್ಳಬೇಕಾದ ಫ್ಯಾನು ಹಾಸಿಗೆಯ ಹತ್ತಿ, ಕೂದಲು, ಚಕ್ಕುಲಿ ಪುಡಿ ಎಲ್ಲ ಎಳೆದುಕೊಂಡಿತು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಬಿಸಿ ತಾಳದೆ ತಾನೇ ವೇಗ ಇಳಿಸಿಕೊಳ್ಳೋದು, ನಾನು ನೆಟ್‌ವರ್ಕಿಗೆ ಬೈಯೋದು. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಬ್ಬ ಹುಡುಗ ಬಿಚ್ಚಿ, ಫ್ಯಾನಿನಿಂದ ಕಂಬಳಿಯಂಥ ಒಂದು ಪದರ ಎತ್ತಿ ಮೇಜಿನ ಮೇಲಿಟ್ಟು "ಇದು ನಿಮ್ಮದೇ" ಅಂದ. ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದ ಮೇಲೆ ಅದೇ ಲ್ಯಾಪ್‌ಟಾಪ್ ಇನ್ನೆರಡು ವರ್ಷ ಓಡಿತು. ಗಟ್ಟಿ ಮೇಜು, ಹಿಂಭಾಗ ಎರಡು ಬೆರಳು ಎತ್ತರ, ಇಷ್ಟು ಸಾಕು. ಒಂದು ಜೊತೆ ಹಳೇ ಪುಸ್ತಕ ಇಟ್ಟರೂ ನಡೆಯುತ್ತದೆ, ಜಾಲರಿ ಮುಚ್ಚಬಾರದು ಅಷ್ಟೇ.

ಗೇಮಿಂಗ್ ಲ್ಯಾಪ್‌ಟಾಪಿಗೆ ಬ್ಯಾಟರಿ ಬರಲ್ಲ ಅಂತಾರೆ. ಸದಾ ಚಾರ್ಜಿಗೆ ಹಾಕಿಟ್ಟರೆ ಹಾಳಾಗಲ್ವಾ? (ಓದುಗ, ಶಿರಸಿ)

ಬರುತ್ತೆ, ಕ್ಲಾಸಿಗೆ ಸಾಕಾಗುವಷ್ಟು, ಆದರೆ ಕಾರ್ಡನ್ನು ಮಲಗಿಸಿದರೆ ಮಾತ್ರ. ಪಾಠದ ಹೊತ್ತಿನಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮಾತ್ರ ಓಡುವ ಹಾಗೆ ಇಕೋದಂಥ ಮೋಡ್‌ಗೆ ಹಾಕಿ, ಸ್ಕ್ರೀನನ್ನು 60 ಹರ್ಟ್ಸ್‌ಗೆ ಇಳಿಸಿ. ಬ್ಯಾಟರಿ ಮೇಲೆ ಆಟ ಆಡುವ ಆಸೆ ಬಿಡಿ, ಚಾರ್ಜರ್ ಕಿತ್ತ ಕೂಡಲೇ ಕಾರ್ಡಿನ ಊಟ ಕಡಿತವಾಗುತ್ತದೆ. ಸದಾ ಪ್ಲಗ್ಗಿನಲ್ಲೇ ಇರೋದಾದರೆ ಕಂಪನಿಯದೇ ಆ್ಯಪಿನಲ್ಲಿ ಚಾರ್ಜ್ 80%ಗೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಲೆನೊವೊ, ಏಸಸ್, ಏಸರ್ ಎಲ್ಲರೂ ಕೊಟ್ಟಿದ್ದಾರೆ. ಬ್ಯಾಟರಿ ಬೇಗ ಮುಪ್ಪಾಗೋದು 100% ತುಂಬಿಕೊಂಡು ಬಿಸಿಯಲ್ಲಿ ಕೂತಾಗ.

ತೂಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲ್ಯಾಪ್‌ಟಾಪ್ ಸುಮಾರು 2.3 ಕಿಲೋ, ಮೇಲೆ ಆ ಇಟ್ಟಿಗೆ ಚಾರ್ಜರ್. ಬಸ್ಸಿನಲ್ಲಿ ನಿಂತು ದಿನಾ ಓಡಾಡೋರು ಅಂಗಡಿಯಲ್ಲೇ ಎರಡನ್ನೂ ಒಂದು ಬ್ಯಾಗಿಗೆ ಹಾಕಿ ಹತ್ತು ನಿಮಿಷ ಹೆಗಲಿಗೇರಿಸಿಕೊಂಡು ನಿಲ್ಲಿ. ಅಂಗಡಿಯವರು ನಗಲಿ ಬಿಡಿ.

ಸೆಕೆಂಡ್ ಹ್ಯಾಂಡ್ ತಗೋಬಹುದಾ? (ಓದುಗ, ಚಿತ್ರದುರ್ಗ)

ಮೂಲ ಬಿಲ್ ಇದ್ದು, ವಾರಂಟಿ ಇನ್ನೂ ಕೆಲವು ತಿಂಗಳು ಉಳಿದಿದ್ದರೆ ನೋಡಬಹುದು. ಹೋದಾಗ ಮೂರು ಕೆಲಸ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೊದಲಿದ್ದ ಸಾಮರ್ಥ್ಯ ಎಷ್ಟು, ಈಗ ತುಂಬೋದು ಎಷ್ಟು ಎರಡೂ ಬರುತ್ತದೆ. ಮುಚ್ಚಳ ನಿಧಾನ ತೆರೆದು ಹಿಂಜ್ ಕಿರುಗುಟ್ಟುತ್ತಾ ಕೇಳಿ. ಅರ್ಧ ಗಂಟೆ ಭಾರದ ಆಟ ಓಡಿಸಿ ಅಲ್ಲೇ ಕೂತಿರಿ. ಮಾರುವವರು "ಟೈಮಿಲ್ಲ" ಅಂದರೆ ನಿಮಗೂ ಟೈಮಿಲ್ಲ ಅನ್ನಿ.

ನೋ ಕಾಸ್ಟ್ ಇಎಂಐ ಅಂದರೆ ನಿಜವಾಗಲೂ ಬಡ್ಡಿ ಇಲ್ವಾ? (ಓದುಗಿ, ತುಮಕೂರು)

ಬಡ್ಡಿ ಇದೆ. ಅಷ್ಟೇ ಹಣವನ್ನು ಬೆಲೆಯಲ್ಲಿ ಮೊದಲೇ ಬಿಟ್ಟು ಲೆಕ್ಕ ಸರಿ ಮಾಡಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೇ. ಬಡ್ಡಿ 4,000 ಆದರೆ ತೆರಿಗೆ 720, ಜೊತೆಗೆ ಪ್ರೊಸೆಸಿಂಗ್ ಫೀ. ಅದಕ್ಕಿಂತ ದೊಡ್ಡ ಪೆಟ್ಟು ಎಷ್ಟೋ ಸಲ ಬೇರೆ ಕಡೆ ಇರುತ್ತದೆ. ಪೂರ್ತಿ ಹಣ ಕೊಟ್ಟರೆ ಸಿಗುವ ಬ್ಯಾಂಕ್ ಕಾರ್ಡಿನ ಡಿಸ್ಕೌಂಟ್ ಇಎಂಐಗೆ ಸಿಗದಿರಬಹುದು. ಎರಡನ್ನೂ ಹಾಳೆಯಲ್ಲಿ ಬರೆದು ಕೂಡಿಸಿ. ಆ ಹಾಳೆಯಲ್ಲೇ ಇನ್ನೊಂದು ಸಾಲು: ನಿಮ್ಮೂರಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆಯಾ, ಮನೆಗೇ ಬಂದು ರಿಪೇರಿ ಮಾಡುತ್ತಾರಾ, ಇಲ್ಲಾ ಬೆಂಗಳೂರಿಗೆ ಹೊತ್ತೊಯ್ಯಬೇಕಾ?

ಅಪ್ಪ ಅಮ್ಮನನ್ನು ಒಪ್ಪಿಸೋಕೆ ಒಂದು ಐಡಿಯಾ ಕೊಡಿ. ಓದೋಕೆ ಅಂತ ಹೇಳಿದ್ದೇನೆ, ನಂಬ್ತಿಲ್ಲ. (ಹೆಸರು ಬೇಡ, ಹಾಸನ)

ನಿನ್ನ ಬ್ರಾಂಚಿನ ಸಾಫ್ಟ್‌ವೇರ್ ಯಾವುದು, ಅದಕ್ಕೆ ಎಂಥ ಕಂಪ್ಯೂಟರ್ ಬೇಕು ಅಂತ ಅದರ ವೆಬ್‌ಸೈಟಿನಲ್ಲೇ ಬರೆದಿರುತ್ತದೆ, ಪ್ರಿಂಟ್ ತೆಗೆದು ಮುಂದಿಡು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಅಂತ ಇಲ್ಲದಿದ್ದರೆ ಮಾತ್ರ ಸ್ವಲ್ಪ ಕಷ್ಟ. ಮತ್ತೆ, ಹಾಸನ ಅಂದೆಯಲ್ಲಾ? ನಿಮ್ಮಮ್ಮನೂ ಈ ಪುಟ ಓದುತ್ತಾರೆ ಮಾರಾಯ, ಮೇಲಿನಿಂದ ಎರಡನೇ ಪ್ರಶ್ನೆ ನೋಡು.