ಆಟದ ಮ್ಯಾಪ್‌ಗಳ ಮೂಲಕಡತಗಳನ್ನು ಕಾಪಾಡುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸೋರ್ಸ್ ಎಂಜಿನ್‌ನ (ಆಟವನ್ನು ನಡೆಸುವ ತಂತ್ರಾಂಶ) ಆಟವೊಂದಕ್ಕೆ, ಮ್ಯಾಪ್ ರಚಿಸುವ ಹ್ಯಾಮರ್ ಎಡಿಟರ್‌ನಲ್ಲಿ ನಾನು ತಯಾರಿಸಿದ ಮ್ಯಾಪ್ (ಆಟ ನಡೆಯುವ ಜಾಗ) ಆಟಗಾರರು ತಮ್ಮ ಕೃತಿಗಳನ್ನು ಹಂಚಿಕೊಳ್ಳುವ ತಾಣವಾದ ಸ್ಟೀಮ್ ವರ್ಕ್‌ಶಾಪ್‌ನಲ್ಲಿದೆ. ಜನ ಇಂದಿಗೂ ಅದನ್ನು ಆಡುತ್ತಿದ್ದಾರೆ. ಕಂಪ್ಯೂಟರಿಗೆ ವಿಂಡೋಸ್ ಅನ್ನು ಹೊಸದಾಗಿ ಹಾಕುವಾಗ ನನ್ನ ಕೆಲಸದ ಫೋಲ್ಡರ್ ಅಳಿಸಿಹೋಯಿತು. ಈಗ ಮ್ಯಾಪ್‌ನಲ್ಲಿ ಒಂದು ದೋಷ ಸರಿಪಡಿಸಬೇಕಾಗಿದೆ. ವರ್ಕ್‌ಶಾಪ್‌ನಲ್ಲಿರುವ ಪ್ರತಿಯನ್ನೇ ಇಳಿಸಿಕೊಂಡು ತಿದ್ದಬಹುದೇ?

ಉತ್ತರ: ದೋಷ ಯಾವ ಬಗೆಯದು ಎಂಬುದರ ಮೇಲೆ ಉತ್ತರ ನಿಂತಿದೆ. ವರ್ಕ್‌ಶಾಪ್‌ನಲ್ಲಿರುವುದು ಬಿಎಸ್‌ಪಿ ಕಡತ, ಅಂದರೆ ಕಂಪೈಲ್ ಆದ, ಆಟ ನೇರವಾಗಿ ಓದುವ ರೂಪಕ್ಕೆ ಬದಲಾದ ಮ್ಯಾಪ್. ನೀವು ಹ್ಯಾಮರ್‌ನಲ್ಲಿ ತೆರೆದು ಕೆಲಸ ಮಾಡುತ್ತಿದ್ದದ್ದು ವಿಎಂಎಫ್ ಕಡತ. ಆ ವಿಎಂಎಫ್ ಅನ್ನು ಮೂರು ಪ್ರೋಗ್ರಾಂಗಳು ಒಂದಾದ ಮೇಲೊಂದರಂತೆ ಸಂಸ್ಕರಿಸುತ್ತವೆ: ವಿಬಿಎಸ್‌ಪಿ ಮ್ಯಾಪ್‌ನ ಒಳಜಾಗವನ್ನು ಸಣ್ಣ ಸಣ್ಣ ಭಾಗಗಳಾಗಿ ಸೀಳುತ್ತದೆ, ವಿವಿಸ್ ಯಾವ ಭಾಗದಿಂದ ಯಾವ ಭಾಗ ಕಾಣುತ್ತದೆಂದು ಲೆಕ್ಕ ಹಾಕುತ್ತದೆ, ವಿರಾಡ್ ಬೆಳಕು-ನೆರಳುಗಳನ್ನು ಲೆಕ್ಕ ಹಾಕಿ ಗೋಡೆ-ನೆಲಗಳ ಮೇಲೆ ಶಾಶ್ವತವಾಗಿ ಅಚ್ಚೊತ್ತುತ್ತದೆ. ಆಡುವವರಿಗೆ ತಲುಪುವುದು ಈ ಕೊನೆಯ ರೂಪ ಮಾತ್ರ.

ಬಾಗಿಲೊಂದರ ವೇಗ, ಟ್ರಿಗರ್‌ನ (ಆಟಗಾರ ತಲುಪಿದಾಗ ಏನಾದರೂ ನಡೆಸುವ ವಲಯ) ಸೆಟ್ಟಿಂಗ್, ಆಟಗಾರರು ಹುಟ್ಟಿಕೊಳ್ಳುವ ಜಾಗ ಮುಂತಾದ ಎಂಟಿಟಿಗಳಲ್ಲಿ ದೋಷವಿದ್ದರೆ ಬಿಎಸ್‌ಪಿಯನ್ನೇ ತಿದ್ದಬಹುದು. ಎಂಟಿಟಿಗಳ ಪಟ್ಟಿ ಅದರೊಳಗೆ ಪಠ್ಯರೂಪದಲ್ಲೇ ಉಳಿದಿರುತ್ತದೆ, ಅದನ್ನು ತೆರೆದು ಬದಲಿಸುವ ಸಾಧನಗಳಿವೆ. ಗೋಡೆಯನ್ನು ಸರಿಸಬೇಕು, ದಾರಿ ಅಗಲಿಸಬೇಕು ಎಂದಾದರೆ ಮೂಲಕಡತ ಬೇಕೇ ಬೇಕು.

ಬಿಎಸ್‌ಪಿಸೋರ್ಸ್ ಎಂಬ ಡಿಕಂಪೈಲರ್ ಬಿಎಸ್‌ಪಿಯಿಂದ ವಿಎಂಎಫ್ ಅನ್ನು ಮತ್ತೆ ಕಟ್ಟಿಕೊಡುತ್ತದೆ. ಸೋರ್ಸ್ ಎಂಜಿನ್‌ನ ಬಿಎಸ್‌ಪಿಯಲ್ಲಿ ಬ್ರಷ್‌ಗಳ, ಅಂದರೆ ಗೋಡೆ-ನೆಲಗಳನ್ನು ಕಟ್ಟಿದ ಘನಾಕೃತಿಗಳ, ಮಾಹಿತಿ ಉಳಿದಿರುವುದರಿಂದ ಫಲಿತಾಂಶ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಆದರೂ ಹೊಲಿದ ಅಂಗಿಯನ್ನು ಬಿಚ್ಚಿದರೆ ತುಂಡುಗಳು ಸಿಗುತ್ತವೆಯೇ ಹೊರತು ದರ್ಜಿಯ ಅಳತೆಪುಸ್ತಕ ಸಿಗುವುದಿಲ್ಲ. ನೀವು ಹೆಸರಿಟ್ಟು ಜೋಡಿಸಿದ್ದ ವಿಸ್‌ಗ್ರೂಪ್‌ಗಳು (ಒಟ್ಟಿಗೆ ತೋರಿಸಲು, ಮರೆಮಾಡಲು ಮಾಡಿದ ಗುಂಪುಗಳು) ಇರುವುದಿಲ್ಲ, ಒಂದೇ ಬಾರಿ ರಚಿಸಿ ಹತ್ತು ಕಡೆ ಬಳಸಿದ್ದ ಇನ್‌ಸ್ಟನ್ಸ್ ಕರಗಿ ಹತ್ತು ಬಿಡಿ ತುಂಡುಗಳಾಗಿರುತ್ತದೆ. ಮೊದಲಿನ ಕ್ವೇಕ್ (1996) ಮತ್ತು ಹಾಫ್-ಲೈಫ್ (1998) ಆಟಗಳ ಮ್ಯಾಪ್‌ಗಳ ವಿಷಯದಲ್ಲಂತೂ ಸ್ಥಿತಿ ಇನ್ನೂ ಕಷ್ಟದ್ದು. ಅವುಗಳ ಬಿಎಸ್‌ಪಿಯಲ್ಲಿ ಬ್ರಷ್‌ಗಳೇ ಇರುವುದಿಲ್ಲ. ಕಾಣುವ ಮೇಲ್ಮೈಗಳು ಮತ್ತು ಡಿಕ್ಕಿಯ ಲೆಕ್ಕಕ್ಕೆ ಬೇಕಾದ ಸಮತಲಗಳು ಮಾತ್ರ ಇರುತ್ತವೆ. ಉಳಿದದ್ದನ್ನು ಡಿಕಂಪೈಲರ್ ಊಹಿಸಿಕೊಳ್ಳಬೇಕಾಗುತ್ತದೆ.

ಅದಕ್ಕೂ ಮುನ್ನ ಕಳೆದುಹೋದ ವಿಎಂಎಫ್‌ಗಾಗಿ ಸರಿಯಾಗಿ ಹುಡುಕಿ. ಹ್ಯಾಮರ್ ಪ್ರತಿ ಬಾರಿ ಸೇವ್ ಮಾಡುವಾಗಲೂ ಹಿಂದಿನ ಆವೃತ್ತಿಯನ್ನು ವಿಎಂಎಕ್ಸ್ ಎಂಬ ವಿಸ್ತರಣೆಯೊಂದಿಗೆ ಉಳಿಸಿರುತ್ತದೆ, ಆಟೋಸೇವ್ ಚಾಲನೆಯಲ್ಲಿದ್ದರೆ ಹ್ಯಾಮರ್‌ಆಟೋಸೇವ್ ಎಂಬ ಪ್ರತ್ಯೇಕ ಫೋಲ್ಡರ್ ಕೂಡ ಇರುತ್ತದೆ. ಹಳೆಯ ಇಮೇಲ್‌ಗಳನ್ನೂ, ಪರೀಕ್ಷೆಗೆಂದು ಕಡತ ಪಡೆದಿದ್ದ ಗೆಳೆಯರನ್ನೂ ವಿಚಾರಿಸಿ. ಯಾವುದೂ ಸಿಗದಿದ್ದರೆ, ಆ ಡಿಸ್ಕ್‌ಗೆ ಹೊಸದೇನನ್ನೂ ಬರೆಯದೆ ಡೇಟಾ ರಿಕವರಿ ಪ್ರೋಗ್ರಾಂ ಓಡಿಸಿ. ವಿಎಂಎಫ್ ಸಾದಾ ಪಠ್ಯಕಡತ. ಸಾಮಾನ್ಯವಾಗಿ ‘ವರ್ಷನ್‌ಇನ್ಫೋ’ ಎಂಬ ಪದದಿಂದ ಆರಂಭವಾಗುತ್ತದೆ. ಕಡತದ ಹೆಸರು ಅಳಿದಿದ್ದರೂ ಆ ಪದವನ್ನು ಹಿಡಿದು ಹುಡುಕಬಹುದು. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಬರಿದು ಮಾಡುವುದರಿಂದ ಆಸೆ ಕಡಿಮೆ ಇರಲಿ.

ಒಂದಕ್ಕಿಂತ ಹೆಚ್ಚು ಹಳೆಯ ಪ್ರತಿಗಳು ಸಿಕ್ಕಿದರೆ ಯಾವುದು ಸರಿ ಎಂದು ಗೊಂದಲವಾಗುತ್ತದೆ. ಕಡತದ ದಿನಾಂಕವನ್ನು ನಂಬಬೇಡಿ, ನಕಲು ಮಾಡುವಾಗ ಅದು ಬದಲಾಗಿರಬಹುದು. ವಿಎಂಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೇಲಿನ ಕೆಲವು ಸಾಲುಗಳಲ್ಲೇ ‘ಮ್ಯಾಪ್‌ವರ್ಷನ್’ ಎಂಬ ಸಂಖ್ಯೆ ಕಾಣುತ್ತದೆ. ಸೇವ್ ಮಾಡಿದಂತೆಲ್ಲ ಅದು ಏರುತ್ತಾ ಹೋಗುತ್ತದೆ. ಕಂಪೈಲ್ ಮಾಡಿದ ಹೊತ್ತಿನಲ್ಲಿದ್ದ ಅದೇ ಸಂಖ್ಯೆ ಬಿಎಸ್‌ಪಿಯೊಳಗೂ ದಾಖಲಾಗಿರುತ್ತದೆ. ಪ್ರಕಟಿತ ಬಿಎಸ್‌ಪಿಯಲ್ಲಿ 412 ಎಂದಿದ್ದು ನಿಮಗೆ ಸಿಕ್ಕ ವಿಎಂಎಫ್‌ನಲ್ಲಿ 389 ಎಂದಿದ್ದರೆ, ನಡುವಿನ ಕೆಲಸ ಈ ಪ್ರತಿಯಲ್ಲಿಲ್ಲ ಎಂದು ಖಚಿತವಾಗುತ್ತದೆ. ಆಗ ಬಿಎಸ್‌ಪಿಯನ್ನು ಡಿಕಂಪೈಲ್ ಮಾಡಿ, ಹಳೆಯ ವಿಎಂಎಫ್‌ನ ಪಕ್ಕದಲ್ಲಿಟ್ಟು, ಬದಲಾದ ಭಾಗಗಳನ್ನಷ್ಟೇ ಹೊಸದಾಗಿ ಜೋಡಿಸುವುದು ಎಲ್ಲವನ್ನೂ ಡಿಕಂಪೈಲರ್‌ನ ಕೈಗೆ ಬಿಡುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ನಾನು ವಿಎಂಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಧದಷ್ಟು ಗೋಡೆಗಳು ನೇರಳೆ-ಕಪ್ಪು ಚೌಕಗಳಾಗಿ ಕಾಣುತ್ತವೆ. ಕಡತ ಹಾಳಾಗಿದೆಯೇ?

ಉತ್ತರ: ಕಡತ ಹಾಳಾಗಿಲ್ಲ. ಎಂಜಿನ್‌ಗೆ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಸಿಗದಿದ್ದಾಗ ಅದು ತೋರಿಸುವ ಗುರುತೇ ಈ ಚೌಕಗಳು. ವಿಎಂಎಫ್‌ನಲ್ಲಿರುವುದು ಟೆಕ್ಸ್‌ಚರ್‌ನ ಹೆಸರು ಮತ್ತು ಜಾಗ ಮಾತ್ರ, ಚಿತ್ರವಲ್ಲ. ಮಾದರಿಗಳು (3ಡಿ ಮಾಡೆಲ್‌ಗಳು), ಶಬ್ದಗಳು, ಇನ್‌ಸ್ಟನ್ಸ್‌ಗಳು ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾಪ್‌ನ ಮೂಲವೆಂದರೆ ಒಂದು ಕಡತವೆಂದು ಭಾವಿಸುವುದೇ ಬ್ಯಾಕಪ್ ಸೋಲುವುದಕ್ಕೆ ಅತಿ ಸಾಮಾನ್ಯ ಕಾರಣವೆಂದು ನನ್ನ ಅಭಿಪ್ರಾಯ.

ಹಾಗಾದರೆ ಏನೇನು ಇಡಬೇಕು? ನೀವೇ ಮಾಡಿದ ಟೆಕ್ಸ್‌ಚರ್‌ಗಳ ವಿಟಿಎಫ್ (ಚಿತ್ರ), ವಿಎಂಟಿ (ಮೇಲ್ಮೈಯ ಗುಣಗಳು) ಕಡತಗಳು ಮತ್ತು ಅವು ಹುಟ್ಟಿದ ಪದರಸಹಿತ ಚಿತ್ರಕಡತಗಳು, ಮಾದರಿಗಳ ಕಂಪೈಲ್ ಆದ ಎಂಡಿಎಲ್ ಅಷ್ಟೇ ಅಲ್ಲದೆ ಅವುಗಳ ಮೂಲವಾದ ಬ್ಲೆಂಡರ್ ಕಡತ ಮತ್ತು ಕಂಪೈಲ್ ಸೂಚನೆಗಳಿರುವ ಕ್ಯೂಸಿ ಕಡತ, ಕುಗ್ಗಿಸದ ಶಬ್ದಗಳು, ಎಡಿಟರ್‌ಗೆ ಎಂಟಿಟಿಗಳ ವಿವರ ಕೊಡುವ ಎಫ್‌ಜಿಡಿ ಕಡತ. ಜೊತೆಗೆ ಜನ ಸಾಮಾನ್ಯವಾಗಿ ಮರೆಯುವ ಎರಡು ಸಂಗತಿಗಳಿವೆ. ಮೊದಲನೆಯದು ಲೈಟ್ಸ್.ರ್‍ಯಾಡ್ ಎಂಬ ಪುಟ್ಟ ಪಠ್ಯಕಡತ. ಬೆಳಕು ಸೂಸುವ ಟೆಕ್ಸ್‌ಚರ್‌ಗಳ ಬಣ್ಣ ಮತ್ತು ತೀವ್ರತೆಯನ್ನು ವಿರಾಡ್ ಇದರಿಂದ ಓದಿಕೊಳ್ಳುತ್ತದೆ. ನೀವು ಅದರಲ್ಲಿ ಸೇರಿಸಿದ ನಾಲ್ಕು ಸಾಲುಗಳು ಇಲ್ಲದೆ ಕಂಪೈಲ್ ಮಾಡಿದರೆ ಯಾವ ಎಚ್ಚರಿಕೆಯೂ ಇಲ್ಲದೆ ಟ್ಯೂಬ್‌ಲೈಟ್‌ಗಳಿರುವ ಇಡೀ ಕಾರಿಡಾರ್ ಕತ್ತಲಾಗಬಹುದು. ಎರಡನೆಯದು ಕಂಪೈಲ್ ಮಾಡುವಾಗ ಕೊಟ್ಟ ಆಯ್ಕೆಗಳು. ವಿರಾಡ್‌ಗೆ ‘ಫೈನಲ್’ (ಹೆಚ್ಚು ಗುಣಮಟ್ಟದ ಬೆಳಕು) ಎಂದು ಕೊಟ್ಟಿದ್ದಿರೋ ಇಲ್ಲವೋ, ಎಚ್‌ಡಿಆರ್ (ಬೆಳಕಿನ ಹೆಚ್ಚು ವಿಸ್ತಾರ) ಸೇರಿಸಿದ್ದಿರೋ ಇಲ್ಲವೋ ಎಂಬುದು ನೆನಪಿನಲ್ಲಿ ಉಳಿಯುವಂಥದ್ದಲ್ಲ. ಕೊನೆಯ ಕಂಪೈಲ್‌ನ ಲಾಗ್ ಕಡತವನ್ನು ವಿಎಂಎಫ್‌ನ ಪಕ್ಕದಲ್ಲೇ ಇಟ್ಟುಬಿಟ್ಟರೆ ಆಯ್ಕೆಗಳೆಲ್ಲ ಅದರಲ್ಲೇ ಸಿಗುತ್ತವೆ.

ಕೌಂಟರ್-ಸ್ಟ್ರೈಕ್ 2ರಂತಹ ಸೋರ್ಸ್ 2 ಆಟಗಳಲ್ಲಿ ಈ ವಿಂಗಡಣೆಯನ್ನು ಎಂಜಿನ್ನೇ ಮಾಡಿಕೊಟ್ಟಿದೆ: ‘ಕಂಟೆಂಟ್’ ಫೋಲ್ಡರ್‌ನಲ್ಲಿ ವಿಮ್ಯಾಪ್ ಮತ್ತಿತರ ಮೂಲಗಳು, ‘ಗೇಮ್’ ಫೋಲ್ಡರ್‌ನಲ್ಲಿ ಕಂಪೈಲ್ ಆದ ರೂಪಗಳು. ಅಲ್ಲಿ ಕಾಪಾಡಬೇಕಾದದ್ದು ಮೊದಲನೆಯದು. ಎರಡೂ ಆಟದ ಫೋಲ್ಡರ್‌ನೊಳಗೇ ಇರುವುದರಿಂದ ಆಟವನ್ನು ಅನ್‌ಇನ್‌ಸ್ಟಾಲ್ ಮಾಡುವ ಮೊದಲು, ಹಾಗೆಯೇ ಬೇರೆ ಡ್ರೈವ್‌ಗೆ ಸ್ಥಳಾಂತರಿಸುವ ಮೊದಲು, ಕಂಟೆಂಟ್ ಫೋಲ್ಡರ್‌ನ ಪ್ರತಿ ಹೊರಗೆ ಇದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮ್ಯಾಪ್ ಫೋಲ್ಡರ್ ಕ್ಲೌಡ್‌ನೊಂದಿಗೆ ತಾನಾಗಿ ಸಿಂಕ್ ಆಗುತ್ತಿದೆ. ಬೇರೆ ಬ್ಯಾಕಪ್ ಬೇಕೇ?

ಉತ್ತರ: ಬೇಕು. ಸಿಂಕ್ ಮಾಡುವ ವ್ಯವಸ್ಥೆಯ ಕೆಲಸ ಎರಡೂ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ನೀವು ತಪ್ಪಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಎಡಿಟರ್ ಕುಸಿದು ಅರ್ಧ ಬರೆದ ಕಡತ ಉಳಿದರೆ ಅರ್ಧ ಕಡತವೇ ಮೇಲಕ್ಕೆ ಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅಳಿಸಿದ ಕಡತ 30 ದಿನ ಮಾತ್ರ ಉಳಿಯುತ್ತದೆ. ಮ್ಯಾಪ್ ಮಾಡುವವರು ಒಂದು ಕೆಲಸವನ್ನು ಆರು ತಿಂಗಳು ಬಿಟ್ಟು ಮತ್ತೆ ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿರುವಾಗ ಆ ಅವಧಿ ಏನೇನೂ ಸಾಲದು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ನಿಯಮ ಇಲ್ಲಿಗೂ ಹೊಂದುತ್ತದೆ: ಒಟ್ಟು 3 ಪ್ರತಿಗಳು, 2 ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ 1 ಬೇರೆ ಸ್ಥಳದಲ್ಲಿ. ನಿಮ್ಮ ಕಂಪ್ಯೂಟರ್, ಕೆಲಸವಿಲ್ಲದಾಗ ಕಳಚಿಡುವ ಒಂದು ಹೊರ ಹಾರ್ಡ್ ಡಿಸ್ಕ್, ಮತ್ತು ಕ್ಲೌಡ್ ಎಂದಾದರೆ ನಿಯಮ ಪೂರೈಸಿತು. ಕಳಚಿಡುವುದು ಮುಖ್ಯ, ಸದಾ ಜೋಡಿಸಿಟ್ಟ ಡಿಸ್ಕ್ ಅನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ತಲುಪುತ್ತದೆ.

ಹಂತ ಹಂತದ ಆವೃತ್ತಿಗಳಿಗೆ ಗಿಟ್ (ಬದಲಾವಣೆಗಳ ಇತಿಹಾಸ ಉಳಿಸುವ ಪ್ರೋಗ್ರಾಂ) ಅನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ವಿಎಂಎಫ್, ಕ್ವೇಕ್‌ನ ಮ್ಯಾಪ್ ಕಡತ ಇವೆಲ್ಲ ಪಠ್ಯವಾದ್ದರಿಂದ ನೂರಾರು ಆವೃತ್ತಿಗಳು ಸೇರಿದರೂ ಹೆಚ್ಚು ಜಾಗ ಹಿಡಿಯುವುದಿಲ್ಲ, ಮತ್ತು ಪ್ರತಿ ಆವೃತ್ತಿಗೂ ‘ಎ ಸೈಟ್‌ನ ಮೆಟ್ಟಿಲು ಬದಲಿಸುವ ಮೊದಲು’ ಎಂಬಂತಹ ಒಂದು ಸಾಲಿನ ಟಿಪ್ಪಣಿ ಉಳಿಯುತ್ತದೆ. ಚಿತ್ರ, ಶಬ್ದ, ಬ್ಲೆಂಡರ್ ಕಡತಗಳು ಅಷ್ಟು ಚೆನ್ನಾಗಿ ಕುಗ್ಗುವುದಿಲ್ಲ; ಗಿಟ್ ಭಂಡಾರಗಳನ್ನು ಇಡುವ ತಾಣವಾದ ಗಿಟ್‌ಹಬ್ ಒಂದು ಕಡತಕ್ಕೆ 100 ಎಂಬಿ ಮಿತಿ ಇಟ್ಟಿರುವುದರಿಂದ ದೊಡ್ಡವುಗಳಿಗೆ ಗಿಟ್ ಎಲ್‌ಎಫ್‌ಎಸ್ ಎಂಬ, ದೊಡ್ಡ ಕಡತಗಳಿಗೆಂದೇ ಇರುವ ವಿಸ್ತರಣೆಯನ್ನು ಬಳಸಬೇಕಾಗುತ್ತದೆ, ಇಲ್ಲವೇ ಅವನ್ನು ಬೇರೆಯಾಗಿ ಇಡಬೇಕಾಗುತ್ತದೆ. ನಿಮ್ಮದೇ ಡಿಸ್ಕ್‌ನಲ್ಲಿ ಮಾತ್ರ ಇರುವ ಗಿಟ್ ಭಂಡಾರ ಬ್ಯಾಕಪ್ ಅಲ್ಲವೆಂಬುದನ್ನೂ ಗಮನಿಸಿ. ಗಿಟ್ ಕಲಿಯುವ ಮನಸ್ಸಿಲ್ಲದವರು ವಾರಕ್ಕೊಮ್ಮೆ ಇಡೀ ಫೋಲ್ಡರ್ ಅನ್ನು ಜಿಪ್ ಮಾಡಿ, ಹೆಸರಿನಲ್ಲಿ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ ದಿನಾಂಕ ಬರೆದರೂ ಸಾಕು. ‘ಫೈನಲ್’, ‘ನಿಜವಾದ ಫೈನಲ್’ ಎಂಬ ಹೆಸರುಗಳು ಒಂದು ವರ್ಷದ ಬಳಿಕ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತೇವೆ. ಎಲ್ಲರೂ ಸೇರಿ ಕಟ್ಟಿದ ಪ್ರಪಂಚದ ಬ್ಯಾಕಪ್ ಅನ್ನು ಮರಳಿ ಹಾಕಿದಾಗ ಕೆಲವು ಕಡೆ ಕಟ್ಟಡಗಳು ಅರ್ಧಕ್ಕೇ ತುಂಡಾಗಿದ್ದವು. ಏಕೆ?

ಉತ್ತರ: ಸರ್ವರ್ ಓಡುತ್ತಿರುವಾಗಲೇ ಫೋಲ್ಡರ್ ನಕಲು ಮಾಡಿರಬೇಕು. ಪ್ರಪಂಚವು 32×32 ಚಂಕ್‌ಗಳ (ಪ್ರಪಂಚದ ಸಣ್ಣ ತುಣುಕುಗಳ) ಎಂಸಿಎ ಕಡತಗಳಲ್ಲಿ ಉಳಿಯುತ್ತದೆ. ನಕಲು ನಡೆಯುವ ಹೊತ್ತಿಗೆ ಸರ್ವರ್ ಅವುಗಳಿಗೆ ಬರೆಯುತ್ತಿದ್ದರೆ ಒಂದು ಕಡತ ಹಿಂದಿನ ಸ್ಥಿತಿಯಲ್ಲೂ ಅದರ ಪಕ್ಕದ್ದು ಈಚಿನ ಸ್ಥಿತಿಯಲ್ಲೂ ನಕಲಾಗುತ್ತದೆ. ಸರ್ವರ್ ನಿಲ್ಲಿಸಿ ನಕಲು ಮಾಡುವುದು ಉತ್ತಮ. ನಿಲ್ಲಿಸಲಾಗದಿದ್ದರೆ ಮೊದಲು ಸೇವ್-ಆಫ್ (ತಾನಾಗಿ ಉಳಿಸುವುದನ್ನು ನಿಲ್ಲಿಸಲು), ನಂತರ ಸೇವ್-ಆಲ್ (ಈವರೆಗಿನದನ್ನೆಲ್ಲ ಬರೆಯಲು) ಆಜ್ಞೆ ಕೊಟ್ಟು, ಬರೆಯುವುದು ಮುಗಿದ ಮೇಲೆ ನಕಲು ಮಾಡಿ, ಕೊನೆಗೆ ಸೇವ್-ಆನ್ ಕೊಡಿ. ಈ ಕೊನೆಯದನ್ನು ಮರೆತರೆ ಆಮೇಲೆ ಆಡಿದ್ದು ತಾನಾಗಿ ಉಳಿಯುವುದಿಲ್ಲ. ಮಾಡ್‌ಗಳಿದ್ದರೆ ಅವುಗಳನ್ನೂ ಅವುಗಳ ಕಾನ್ಫಿಗ್ ಫೋಲ್ಡರ್ ಅನ್ನೂ ಜೊತೆಗೇ ಇಡಿ.

ಪ್ರಶ್ನೆ: ನಮ್ಮದು ಐದು ಜನರ ತಂಡ. ಮೂಲಕಡತಗಳು ಒಬ್ಬರ ಬಳಿ ಮಾತ್ರ ಇವೆ. ಕದ್ದು ತಮ್ಮ ಹೆಸರು ಹಾಕಿಕೊಳ್ಳುತ್ತಾರೆಂಬ ಭಯದಿಂದ ಅವರು ಯಾರಿಗೂ ಕೊಡುತ್ತಿಲ್ಲ. ಮ್ಯಾಪ್ ಅನ್ನು ‘ಪ್ರೊಟೆಕ್ಟ್’ ಮಾಡಿಯೇ (ಇತರರು ಎಡಿಟರ್‌ನಲ್ಲಿ ತೆರೆಯಲಾಗದಂತೆ ಮಾಡಿಯೇ) ಪ್ರಕಟಿಸಬೇಕೆಂದೂ ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಅವರ ಭಯಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ಕಾಣಬೇಡಿ. ತಿಂಗಳುಗಟ್ಟಲೆ ದುಡಿದದ್ದು ಬೇರೊಬ್ಬರ ಹೆಸರಿನಲ್ಲಿ ಕಾಣಿಸಿಕೊಂಡರೆ ಆಗುವ ನೋವು ನಿಜವಾದದ್ದು. ಆದರೆ ಅವರು ಆರಿಸಿಕೊಂಡ ಉಪಾಯವು ಕಳ್ಳತನಕ್ಕಿಂತ ದೊಡ್ಡ ನಷ್ಟಕ್ಕೆ ದಾರಿ ಮಾಡುತ್ತದೆ. ವಾರ್‌ಕ್ರಾಫ್ಟ್ 3ರ ಮ್ಯಾಪ್‌ಗಳನ್ನೇ ನೋಡಿ. ಮ್ಯಾಪ್ ಕಡತವು ಒಂದು ಎಂಪಿಕ್ಯೂ ಸಂಗ್ರಹ, ಅಂದರೆ ಹಲವು ಕಡತಗಳನ್ನು ಒಟ್ಟುಗೂಡಿಸಿದ ಒಂದೇ ಕಡತ. ಆಟ ನಡೆಯಲು ಅದರೊಳಗಿನ ಸ್ಕ್ರಿಪ್ಟ್ ಇದ್ದರೆ ಸಾಕು, ಎಡಿಟರ್‌ನಲ್ಲಿ ತಿದ್ದಲು ಮಾತ್ರ ಟ್ರಿಗರ್‌ಗಳ (ಇಲ್ಲಿ, ಎಡಿಟರ್‌ನಲ್ಲಿ ಬರೆದ ಆಟದ ನಿಯಮಗಳ) ಪ್ರತ್ಯೇಕ ಕಡತಗಳು ಬೇಕು. ಪ್ರೊಟೆಕ್ಟ್ ಮಾಡುವ ಪ್ರೋಗ್ರಾಂಗಳು ತೆಗೆದುಹಾಕುವುದು ಈ ಎರಡನೆಯವನ್ನೇ. ಹಾಗೆ ಪ್ರಕಟಿಸಿದವರ ಬಳಿಯಲ್ಲೂ ಮೂಲಪ್ರತಿ ಕಳೆದುಹೋದರೆ ಅವರ ಸ್ವಂತ ಮ್ಯಾಪ್ ಅವರದೇ ಎಡಿಟರ್‌ನಲ್ಲಿ ತೆರೆಯುವುದಿಲ್ಲ, ಆಟಕ್ಕೆ ಬಂದ ಹೊಸ ಪ್ಯಾಚ್‌ನಿಂದ ಏನಾದರೂ ಮುರಿದರೆ ಸರಿಪಡಿಸುವವರಿಲ್ಲದೆ ಮ್ಯಾಪ್ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಇದೆ. ಕ್ವೇಕ್ ಬಂದು ಹತ್ತು ವರ್ಷವಾದಾಗ, 2006ರಲ್ಲಿ, ಅದರ ನಿರ್ಮಾತೃಗಳಲ್ಲಿ ಒಬ್ಬರಾದ ಜಾನ್ ರೊಮೆರೊ ಆ ಆಟದ ಮ್ಯಾಪ್‌ಗಳ ಮೂಲಕಡತಗಳನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಂದು ಮೂಲೆಯನ್ನು ಹೇಗೆ ಕಟ್ಟಿದ್ದರು, ದೀಪ ಎಲ್ಲಿಟ್ಟಿದ್ದರು ಎಂಬುದನ್ನು ಇಂದು ಹೊಸಬರು ಟ್ರೆಂಚ್‌ಬ್ರೂಮ್‌ನಂತಹ ಎಡಿಟರ್‌ನಲ್ಲಿ ತೆರೆದು ನೋಡಬಹುದು, ಬಿಎಸ್‌ಪಿಯಿಂದ ಊಹಿಸಬೇಕಾಗಿಲ್ಲ. ಕಡತಗಳು ಹತ್ತು ವರ್ಷ ಯಾರೋ ಒಬ್ಬರ ಬಳಿ ಸುರಕ್ಷಿತವಾಗಿದ್ದುದರಿಂದಲೇ ಅದು ಸಾಧ್ಯವಾಯಿತು.

ನಿಮ್ಮ ತಂಡ ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ. ಇಬ್ಬರ ಬಳಿಯಾದರೂ ಪೂರ್ಣ ಪ್ರತಿ ಇರಬೇಕೆಂದು ಒಪ್ಪಿಕೊಳ್ಳಿ. ಸಾರ್ವಜನಿಕವಲ್ಲದ ಗಿಟ್ ಭಂಡಾರವಿದ್ದರೆ ಐವರಿಗೂ ಪ್ರವೇಶ ಕೊಡಬಹುದು. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯೂ ಅದರಲ್ಲಿ ಇರುವುದರಿಂದ ಮುಂದೆ ಕರ್ತೃತ್ವದ ವಿವಾದ ಬಂದರೆ ನಿಮ್ಮ ಪರವಾಗಿ ಪ್ರೊಟೆಕ್ಷನ್‌ಗಿಂತ ಆ ಇತಿಹಾಸವೇ ಗಟ್ಟಿಯಾಗಿ ನಿಲ್ಲುತ್ತದೆ. ಹಂಚಿಕೊಳ್ಳುವ ಷರತ್ತುಗಳನ್ನು ಒಂದು ಪಠ್ಯಕಡತದಲ್ಲಿ ಬರೆದು ಮ್ಯಾಪ್‌ನ ಜೊತೆಗಿಡಿ. ಡೂಮ್ ಮ್ಯಾಪ್‌ಗಳ ಹಳೆಯ ಭಂಡಾರವಾದ ಐಡಿಗೇಮ್ಸ್‌ನ ನಮೂನೆಯಲ್ಲಿ, ಈ ಕಡತವನ್ನು ಆಧಾರವಾಗಿಟ್ಟುಕೊಂಡು ಇತರರು ಬದಲಾವಣೆ ಮಾಡಬಹುದೇ ಕೂಡದೇ ಎಂದು ಲೇಖಕರು ನೇರವಾಗಿ ಹೇಳುವ ಸಾಲೇ ಇದೆ. ಅಂಥ ಒಂದು ಸಾಲು, ತಂಡದವರ ಹೆಸರುಗಳು, ಬಳಸಿದ ಇತರರ ಟೆಕ್ಸ್‌ಚರ್‌ಗಳು ಎಲ್ಲಿಂದ ಬಂದವು ಎಂಬ ಟಿಪ್ಪಣಿ ಇಷ್ಟಿದ್ದರೆ ಸಾಕು.

ಇನ್ನೊಂದು ಕೆಲಸವನ್ನು ಆ ಗೆಳೆಯರಿಂದಲೇ ಮಾಡಿಸಿ. ಅವರು ಕೊಟ್ಟ ಜಿಪ್ ಅನ್ನು ಆ ಮ್ಯಾಪ್‌ನ ಕಡತಗಳು ಎಂದೂ ಇರದಿದ್ದ ಕಂಪ್ಯೂಟರಿನಲ್ಲಿ, ತಂಡದ ಇನ್ನೊಬ್ಬರು ಬಿಚ್ಚಿ, ಕಂಪೈಲ್ ಮಾಡಿ, ಆಟದಲ್ಲಿ ಒಂದು ಸುತ್ತು ನಡೆದು ನೋಡಲಿ. ಕಾಣೆಯಾದ ಟೆಕ್ಸ್‌ಚರ್‌ಗಳಾಗಲಿ, ಮರೆತ ಲೈಟ್ಸ್.ರ್‍ಯಾಡ್ ಆಗಲಿ ಇದ್ದರೆ ಮೂಲಪ್ರತಿ ಇನ್ನೂ ಕೈಯಲ್ಲಿರುವಾಗಲೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದ ಜಿಪ್‌ನ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಕೇತವನ್ನು) 7-ಜಿಪ್‌ನಿಂದ ಲೆಕ್ಕ ಹಾಕಿ ಅದರ ಪಕ್ಕದಲ್ಲೇ ಒಂದು ಪಠ್ಯಕಡತದಲ್ಲಿ ಬರೆದಿಡಿ; ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಪ್ರತಿ ಒಳಗೊಳಗೇ ಕೆಟ್ಟಿದೆಯೇ ಎಂಬುದು ತಿಳಿಯುತ್ತದೆ, ಕೆಟ್ಟಿದ್ದರೆ ಎರಡನೆಯವರ ಬಳಿಯ ಪ್ರತಿಯಿಂದ ಅದನ್ನು ಬದಲಿಸಿಕೊಳ್ಳಬಹುದು.