1947ರಲ್ಲೇ ಸ್ವಾತಂತ್ರ್ಯ ಬಂದರೂ ಕಲಬುರಗಿ, ಬೀದರ್ ಜನ ನಿಜಾಮರ ವಿರುದ್ಧ ಹೋರಾಡಿದ್ದೇಕೆ?

ಬ್ರಿಟಿಷರು ಹೊರಟರೂ ಈ ಭಾಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಅರಸೊತ್ತಿಗೆ ಉಳಿದಿತ್ತು, ಅದನ್ನು ಪ್ರಶ್ನಿಸಲು ಕಾನೂನುಬದ್ಧ ದಾರಿ ಇರಲಿಲ್ಲ ಎಂಬುದೇ ಮುಖ್ಯ ಕಾರಣ. ಕಾನೂನು, ಸೇನೆ, ತೆರಿಗೆ ಮೂರೂ ಒಬ್ಬರ ಕೈಯಲ್ಲಿದ್ದುದರಿಂದ ಅರಸನಿಂದ ಭೂಮಿ ಪಡೆದು ಕಂದಾಯ ವಸೂಲಿ ಮಾಡುತ್ತಿದ್ದ ಜಾಗೀರುದಾರನ ಸುಲಿಗೆಯ ಬಗೆಗಿನ ದೂರು ಕೊನೆಗೆ ಅರಸನ ವಿರುದ್ಧವೇ ತಿರುಗಬೇಕಾಗುತ್ತಿತ್ತು. ಜನರಿಗೆ ಉತ್ತರದಾಯಿಯಾದ ಸರ್ಕಾರವನ್ನಷ್ಟೇ ಬಯಸಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಪಕ್ಷವನ್ನು 1938ರಲ್ಲಿ ನಿಷೇಧಿಸಿದಾಗ ಮನವಿ ಸತ್ಯಾಗ್ರಹವಾಯಿತು, ಮುಂದೆ ಸಂಸ್ಥಾನದ ಗಡಿಯಲ್ಲಿ ಹೋರಾಟಗಾರರು ಹೂಡಿದ ಶಿಬಿರಗಳ ಸಶಸ್ತ್ರ ಹೋರಾಟವೂ ಆಯಿತು. ನಿಜಾಮರ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರ ಹಿಂಸೆ ಹಿಂಜರಿದವರನ್ನೂ ಆ ಕಡೆಗೆ ತಳ್ಳಿತು. 1948ರ ಮೇ ತಿಂಗಳ ಗೋರ್ಟಾ ಗ್ರಾಮದ ಹತ್ಯಾಕಾಂಡವನ್ನು ಬೀದರಿನವರು ಇಂದಿಗೂ ಮರೆತಿಲ್ಲ.

ಅದೇ ವರ್ಷ ಸೆಪ್ಟೆಂಬರ್ 17ರಂದು ನಿಜಾಮರು ಮಣಿದದ್ದು ಭಾರತೀಯ ಸೇನೆಗೆ, ನಿಜ. ಆದರೆ ಆಳ್ವಿಕೆಯ ನೈತಿಕ ಬಲ ಮೊದಲೇ ಕುಸಿದಿತ್ತೆಂದು ನಾನು ಭಾವಿಸುತ್ತೇನೆ. 1949ರಲ್ಲಿ ಜಾಗೀರುಗಳು ರದ್ದಾದವು. ವಿಮೋಚನೆಯ ಬೆನ್ನಲ್ಲೇ ಅಮಾಯಕ ಮುಸ್ಲಿಮರು ಹಿಂಸೆಗೆ ಬಲಿಯಾದದ್ದನ್ನೂ ಅದರ ಪರಿಣಾಮಗಳಲ್ಲಿ ಎಣಿಸಲೇಬೇಕು.